ಲೆಕ್ಕ ಒಂದೇ, ಉತ್ತರ ಎರಡು: ಗಣಿತ ಲೈಬ್ರರಿಗಳಿಗೆ ಮಾನಕ ಬೇಕು

ಸಂಪಾದಕರಿಗೆ,

ಮಾನ್ಯರೇ,

ರಾಯಚೂರಿನ ಪದವಿ ಕಾಲೇಜೊಂದರಲ್ಲಿ ಹದಿನೆಂಟು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಪ್ರಾಯೋಗಿಕ ತರಗತಿಗಳು ಕಾಗದದಿಂದ ಕಂಪ್ಯೂಟರಿಗೆ ಬಂದ ಮೇಲೆ ನಮ್ಮ ಮಕ್ಕಳು ದೊಡ್ಡ ಲೆಕ್ಕಗಳಿಗೆ ಅಂಜುವುದನ್ನು ಬಿಟ್ಟಿದ್ದಾರೆ. ಅದು ನನಗೆ ಬಹಳ ಸಂತೋಷದ ಸಂಗತಿ. ಆದರೆ ಅದೇ ಕಂಪ್ಯೂಟರು ಒಂದೇ ಲೆಕ್ಕಕ್ಕೆ ಒಂದು ಕಡೆ ಒಂದು ಉತ್ತರವನ್ನೂ ಮತ್ತೊಂದು ಕಡೆ ಮತ್ತೊಂದು ಉತ್ತರವನ್ನೂ ಕೊಡುವುದನ್ನು, ಅದರ ಹೊರೆ ಕೊನೆಗೆ ವಿದ್ಯಾರ್ಥಿಯ ಮೇಲೋ ರೈತನ ಮೇಲೋ ಬೀಳುವುದನ್ನು ಮೇಲಿಂದ ಮೇಲೆ ಕಂಡು ಈ ಪತ್ರ ಬರೆಯುತ್ತಿದ್ದೇನೆ. ಪ್ರೋಗ್ರಾಮಿಂಗ್ ಭಾಷೆಗಳ ಗಣಿತ ಲೈಬ್ರರಿಗಳಿಗೆ, ಅಂದರೆ ಸಿದ್ಧವಾಗಿ ಬರೆದಿಟ್ಟ ಲೆಕ್ಕಗಳ ಕಟ್ಟುಗಳಿಗೆ, ಮಾನಕ (ಎಲ್ಲರೂ ಪಾಲಿಸುವ ಒಂದೇ ನಿಯಮ) ಇರಬೇಕೆಂಬ ಮಾತು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಸೇರಿದ್ದು, ನಮಗೇಕೆ ಎಂದು ಓದುಗರು ಪುಟ ತಿರುಗಿಸಬಾರದಾಗಿ ವಿನಂತಿ.

ಮೊದಲು ನಡೆದದ್ದನ್ನು ಹೇಳುತ್ತೇನೆ. ಹಿಂದಿನ ಒಂದು ಸೆಮಿಸ್ಟರಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ಐದು ಮಡಿಗಳ ಭತ್ತದ ಇಳುವರಿಯನ್ನು ಕೊಟ್ಟು ಸರಾಸರಿಯನ್ನೂ ಮಾನಕ ವಿಚಲನೆಯನ್ನೂ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕಂಡುಹಿಡಿಯಲು ಕೇಳಲಾಗಿತ್ತು. ಎಕರೆಗೆ 26, 28, 30, 32, 34 ಕ್ವಿಂಟಲ್ ಎಂಬ ಸರಳ ಅಂಕಿಗಳು. ಸರಾಸರಿ 30 ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ದೇವದುರ್ಗದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಒಬ್ಬ ವಿದ್ಯಾರ್ಥಿನಿ ಪೈಥಾನ್ ಭಾಷೆಯಲ್ಲಿ, ನಂಪೈ ಎಂಬ ಲೈಬ್ರರಿಯನ್ನು ಬಳಸಿ, ವಿಚಲನೆ 2.828 ಎಂದು ಉತ್ತರ ತೆಗೆದಳು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರ ಕೈಯಲ್ಲಿದ್ದ ಮಾದರಿ ಉತ್ತರದಲ್ಲಿ 3.162 ಎಂದಿತ್ತು, ಅದನ್ನು ತಯಾರಿಸಿದವರು ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಹಾಕಿದ್ದರು. ಅವಳ ಉತ್ತರದ ಮೇಲೆ ಕೆಂಪು ಗೆರೆ ಬಿತ್ತು, ಐದು ಅಂಕ ಹೋಯಿತು. ಅವಳು ಪ್ರೋಗ್ರಾಮನ್ನು ಎರಡು ಸಲ ಪುನಃ ಓಡಿಸಿ ತೋರಿಸಿದಳು. ಪರದೆಯ ಮೇಲೆ ಅದೇ 2.828 ಬಂತು. ‘ಸರ್, ಕಂಪ್ಯೂಟರ್ ಹೇಳಿದ್ದನ್ನೇ ಬರೆದಿದ್ದೇನೆ’ ಎಂದು ನನ್ನ ಕಡೆ ನೋಡಿದಳು.

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮಾದರಿ ಉತ್ತರದಲ್ಲಿಯೂ ತಪ್ಪಿರಲಿಲ್ಲ. ಸರಾಸರಿಯಿಂದ ಇರುವ ಅಂತರಗಳ ವರ್ಗಗಳನ್ನು ಕೂಡಿದರೆ 40 ಬರುತ್ತದೆ. ಆ ಐದು ಮಡಿಗಳೇ ಪೂರ್ತಿ ಹೊಲವೆಂದು ತಿಳಿದರೆ 40ನ್ನು 5ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು, 2.828 ಸಿಗುತ್ತದೆ. ಅವು ದೊಡ್ಡ ಹೊಲದಿಂದ ಆಯ್ದ ಮಾದರಿಗಳೆಂದು ತಿಳಿದರೆ 4ರಿಂದ ಭಾಗಿಸಬೇಕು, 3.162 ಸಿಗುತ್ತದೆ. ಎರಡೂ ಸಂಖ್ಯಾಶಾಸ್ತ್ರ ಒಪ್ಪಿದ ವಿಧಾನಗಳೇ. ತೊಂದರೆ ಇರುವುದು ಲೈಬ್ರರಿಗಳಲ್ಲಿ. ನಂಪೈ ಏನನ್ನೂ ಕೇಳದೆ ಮೊದಲನೆಯದನ್ನು ಆರಿಸಿಕೊಳ್ಳುತ್ತದೆ. ಅದೇ ಪೈಥಾನಿನಲ್ಲಿ, ನಂಪೈ ಮೇಲೆಯೇ ಕಟ್ಟಿ ಬೆಳೆಸಿದ ಪಾಂಡಾಸ್ ಎಂಬ ಲೈಬ್ರರಿ ಏನನ್ನೂ ಕೇಳದೆ ಎರಡನೆಯದನ್ನು ಆರಿಸಿಕೊಳ್ಳುತ್ತದೆ. ಯಂತ್ರಕಲಿಕೆಯವರು ಬಳಸುವ ಪೈಟಾರ್ಚ್ ಕೂಡ ಎರಡನೆಯದರ ಕಡೆಗೇ ಇದೆ. ಪೈಥಾನಿನ ಜೊತೆಗೇ ಬರುವ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ ಮಾತ್ರ ಎರಡಕ್ಕೂ ಬೇರೆಬೇರೆ ಹೆಸರಿಟ್ಟು, ಯಾವುದು ಬೇಕೋ ಅದನ್ನು ಹೆಸರು ಹಿಡಿದು ಕೇಳುವಂತೆ ಮಾಡಿದೆ. ಒಂದೇ ಭಾಷೆ, ಒಂದೇ ಹೆಸರಿನ ಫಂಕ್ಷನ್, ಒಂದೇ ಐದು ಅಂಕಿ. ಮೇಲೆ ಯಾವ ಲೈಬ್ರರಿಯನ್ನು ಕರೆದಿದ್ದೀರಿ ಎಂಬ ಒಂದು ಸಾಲು ಬದಲಾದರೆ ಉತ್ತರ ಬದಲಾಗುತ್ತದೆ. ಎರಡನೇ ವರ್ಷದ ವಿದ್ಯಾರ್ಥಿನಿಗೆ ಇದು ಹೇಗೆ ಗೊತ್ತಾಗಬೇಕು? ಪರೀಕ್ಷಕರಿಗೇ ಗೊತ್ತಿರಲಿಲ್ಲ. ನಾನು ಬರೆದುಕೊಟ್ಟ ವಿವರಣೆಯನ್ನು ಅವರು ಗೌರವದಿಂದಲೇ ಓದಿದರು, ಆದರೆ ಮಾದರಿ ಉತ್ತರವನ್ನು ಮೀರುವ ಅಧಿಕಾರ ತಮಗಿಲ್ಲವೆಂದರು. ಅಂಕ ಹಿಂದಕ್ಕೆ ಬರಲಿಲ್ಲ.

ಕಂಪ್ಯೂಟರಿನ ಪರಿಚಯ ಕಡಿಮೆ ಇರುವ ಓದುಗರಿಗಾಗಿ ಒಂದು ಮಾತು. ಪ್ರೋಗ್ರಾಮ್ ಬರೆಯುವವರು ವರ್ಗಮೂಲ, ಲಾಗರಿದಮ್, ಸೈನ್, ಕೊಸೈನ್ ಮೊದಲಾದವುಗಳ ಲೆಕ್ಕವನ್ನು ಪ್ರತಿಸಲ ಮೊದಲಿನಿಂದ ಬರೆಯುವುದಿಲ್ಲ. ಯಾರೋ ಬರೆದು ಪರೀಕ್ಷಿಸಿಟ್ಟ ಫಂಕ್ಷನ್‌ಗಳ ಕಟ್ಟನ್ನು ಕರೆದು ಬಳಸುತ್ತಾರೆ. ಆ ಕಟ್ಟಿಗೆ ಲೈಬ್ರರಿ ಎಂದು ಹೆಸರು. ನಮ್ಮ ತಾತಂದಿರ ಕಾಲದಲ್ಲಿ ಅಂಗಡಿಯ ಗಲ್ಲೆಯ ಪಕ್ಕದಲ್ಲಿರುತ್ತಿದ್ದ ಕೋಷ್ಟಕದ ಪುಸ್ತಕ ಮಾಡುತ್ತಿದ್ದ ಕೆಲಸವನ್ನೇ ಇಂದು ಲೈಬ್ರರಿ ಮಾಡುತ್ತದೆ. ಆ ಪುಸ್ತಕದ ರಾಯಚೂರು ಪ್ರತಿಯಲ್ಲಿ ಒಂದು, ಗಂಗಾವತಿ ಪ್ರತಿಯಲ್ಲಿ ಮತ್ತೊಂದು ಮಗ್ಗಿ ಇದ್ದಿದ್ದರೆ ವ್ಯಾಪಾರ ನಡೆಯುತ್ತಿತ್ತೇ?

ನಡೆಯುವುದಿಲ್ಲ ಎಂಬುದಕ್ಕೆ ಮನೆಯಲ್ಲೇ ಸಾಕ್ಷಿ ಸಿಕ್ಕಿತು. ನಮ್ಮ ಸೋದರಮಾವ ಹತ್ತಿ ಮಾರಿ ಬಂದವರು ಎರಡು ಲೆಕ್ಕವನ್ನು ನನ್ನ ಮುಂದೆ ಇಟ್ಟರು. ಅಂಗಡಿಯವರು ಕೊಟ್ಟ ಅಚ್ಚಾದ ಚೀಟಿ ಒಂದು, ಮೊಬೈಲಿಗೆ ಬಂದ ಸಂದೇಶ ಇನ್ನೊಂದು. ತೂಕ 3.37 ಕ್ವಿಂಟಲ್, ದರ 7,450 ರೂಪಾಯಿ. ಗುಣಿಸಿದರೆ 25,106 ರೂಪಾಯಿ 50 ಪೈಸೆ. ಚೀಟಿಯಲ್ಲಿ ಪೈಸೆಯನ್ನು ರೌಂಡ್ ಮಾಡಿ 25,107 ಎಂದಿತ್ತು, ಸಂದೇಶದಲ್ಲಿ 25,106 ಎಂದಿತ್ತು. ‘ಇದರಾಗ ಖರೇದು ಯಾವುದಪ್ಪಾ?’ ಎಂದು ಕೇಳಿದರು. ಒಂದು ರೂಪಾಯಿಗಾಗಿ ಅವರು ಯಾರೊಡನೆಯೂ ಜಗಳಕ್ಕೆ ಹೋಗುವವರಲ್ಲ. ಆದರೆ ಒಂದೇ ಮಾಲಿಗೆ ಎರಡು ಮೊತ್ತ ಬಂದರೆ ತೂಕದ ಮೇಲೂ ಸಂಶಯ, ದರದ ಮೇಲೂ ಸಂಶಯ. ವರ್ಷಗಳಿಂದ ವ್ಯವಹಾರ ಮಾಡುತ್ತ ಬಂದ ಅಂಗಡಿಯ ಮೇಲೂ ಸಂಶಯ. ನಾನು ವಿಚಾರಿಸಿದಾಗ ತಿಳಿದದ್ದಿಷ್ಟು: ಚೀಟಿ ಮುದ್ರಿಸುವ ಪ್ರೋಗ್ರಾಮು ಜಾವಾಸ್ಕ್ರಿಪ್ಟ್‌ನಲ್ಲಿತ್ತು, ಸಂದೇಶ ಕಳಿಸುವ ಭಾಗ ಪೈಥಾನಿನಲ್ಲಿತ್ತು. ಜಾವಾಸ್ಕ್ರಿಪ್ಟ್ ಸರಿಯಾಗಿ ಅರ್ಧ ಬಂದಾಗ ಮೇಲಕ್ಕೆ ಏರಿಸುತ್ತದೆ. ಪೈಥಾನಿನ ರೌಂಡ್ ಫಂಕ್ಷನ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ; ಆದ್ದರಿಂದ ಅದರಲ್ಲಿ 2.5 ಎಂದರೆ 2, 3.5 ಎಂದರೆ 4. ಅಂಗಡಿಯವರು ಮೋಸ ಮಾಡಿರಲಿಲ್ಲ, ಪ್ರೋಗ್ರಾಮ್ ಬರೆದ ಹುಡುಗರೂ ತಪ್ಪು ಮಾಡಿರಲಿಲ್ಲ. ಎರಡು ಲೈಬ್ರರಿಗಳ ನಡುವೆ ಒಪ್ಪಂದವಿರಲಿಲ್ಲ, ಅಷ್ಟೇ.

ಸಮಸಂಖ್ಯೆಗೆ ಹೋಗುವ ನಿಯಮ ವಿಚಿತ್ರವೆಂದು ಓದುಗರಿಗೆ ಅನಿಸಬಹುದು. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಐದು ಬಂದರೆ ಮೇಲಕ್ಕೆ ಎಂದು. ಆದರೆ ಸಾವಿರಾರು ಲೆಕ್ಕಗಳಲ್ಲಿ ಅರ್ಧವನ್ನು ಯಾವಾಗಲೂ ಮೇಲಕ್ಕೇ ಏರಿಸಿದರೆ ಮೊತ್ತ ನಿಧಾನವಾಗಿ ಒಂದೇ ದಿಕ್ಕಿಗೆ ವಾಲುತ್ತದೆ. ಸಮಸಂಖ್ಯೆಗೆ ಹೋದರೆ ಕೆಲವು ಸಲ ಮೇಲೆ, ಕೆಲವು ಸಲ ಕೆಳಗೆ ಹೋಗಿ ಮೊತ್ತ ಸಮತೂಕದಲ್ಲಿ ಉಳಿಯುತ್ತದೆ. ನಮ್ಮ ದೇಶದ ಮಾನಕವೂ ಇದನ್ನೇ ಹೇಳುತ್ತದೆ. ಭಾರತೀಯ ಮಾನಕ ಬ್ಯೂರೊ ಪ್ರಕಟಿಸಿದ ಸಾವಿರಾರು ಮಾನಕಗಳಲ್ಲಿ ಐಎಸ್ 1 ಎಂಬುದು ರಾಷ್ಟ್ರಧ್ವಜದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜವನ್ನು ಹೊಲಿಯುವವರು ಬಟ್ಟೆ, ಬಣ್ಣ, ಅಳತೆಗಳನ್ನು ಅದರಂತೆಯೇ ಪಾಲಿಸುತ್ತಾರೆ. ಅದರ ಮುಂದಿನ ಸಂಖ್ಯೆಯ ಐಎಸ್ 2 ಸಂಖ್ಯೆಗಳನ್ನು ರೌಂಡ್ ಮಾಡುವ ನಿಯಮದ್ದು, ಮತ್ತು ಅದರಲ್ಲಿ ಸರಿಯಾಗಿ ಅರ್ಧ ಬಂದಾಗ ಸಮಸಂಖ್ಯೆಗೆ ಹೋಗಬೇಕೆಂದಿದೆ. ಧ್ವಜದ ನಂತರದ ಸ್ಥಾನವನ್ನೇ ರೌಂಡ್ ಮಾಡುವ ನಿಯಮಕ್ಕೆ ಕೊಟ್ಟ ದೇಶ ನಮ್ಮದು ಎಂಬುದನ್ನು ತರಗತಿಯಲ್ಲಿ ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. ಸಿಮೆಂಟು, ಉಕ್ಕು ಪರೀಕ್ಷಿಸುವ ಎಂಜಿನಿಯರುಗಳಿಗೆ ಈ ಮಾನಕ ಚಿರಪರಿಚಿತ. ಪ್ರೋಗ್ರಾಮ್ ಬರೆಯುವವರಿಗೆ ಅದರ ಹೆಸರೇ ಕೇಳಿ ಗೊತ್ತಿಲ್ಲ. ಇನ್ನೊಂದು ಕಡೆ 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 288ಎ ಕಲಮು ಆದಾಯವನ್ನು ಹತ್ತರ ಗುಣಕಕ್ಕೆ ತರುವಾಗ ಕೊನೆಯ ಅಂಕಿ ಐದು ಅಥವಾ ಹೆಚ್ಚಿದ್ದರೆ ಮೇಲಕ್ಕೆ ಏರಿಸಲು ಹೇಳುತ್ತಿತ್ತು. ಹೀಗೆ ಸಂದರ್ಭಕ್ಕೆ ತಕ್ಕ ನಿಯಮ ಬೇರೆಯಾಗಬಹುದು, ಅದಕ್ಕೆ ನನ್ನ ವಿರೋಧವಿಲ್ಲ. ಯಾವ ನಿಯಮ ಎಂಬುದನ್ನು ಹೇಳದೆ ‘ರೌಂಡ್’ ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಬಚ್ಚಿಡುವುದಕ್ಕೆ ನನ್ನ ವಿರೋಧ. ಪೈಥಾನ್ ಭಾಷೆಯೇ ತನ್ನ ಎರಡನೇ ಆವೃತ್ತಿಯಲ್ಲಿ 2.5ನ್ನು 3 ಎನ್ನುತ್ತಿತ್ತು, 2008ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ 2 ಎಂದು ಬದಲಾಯಿಸಿತು. ಎಕ್ಸೆಲ್ ಹಾಳೆಯ ಸೂತ್ರದಲ್ಲಿ ರೌಂಡ್ ಎಂದರೆ 2.5 ಮೂರಾಗುತ್ತದೆ, ಅದೇ ಎಕ್ಸೆಲ್ಲಿನ ಒಳಗೆ ಮ್ಯಾಕ್ರೊ ಬರೆಯುವ ಭಾಷೆಯಲ್ಲಿ ರೌಂಡ್ ಎಂದರೆ ಎರಡಾಗುತ್ತದೆ.

ಇದರ ಕೆಳಗೆ ಇನ್ನೊಂದು ಪದರವಿದೆ. ಕಂಪ್ಯೂಟರು ದಶಮಾಂಶಗಳನ್ನು 0 ಮತ್ತು 1 ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ, ನಮಗೆ 1/3 ಹೇಗೆ 0.333 ಎಂದು ಮುಗಿಯದೆ ಹೋಗುತ್ತದೋ ಹಾಗೆ ಅದಕ್ಕೆ 1/10 ಮುಗಿಯುವುದಿಲ್ಲ. ಆದ್ದರಿಂದ 0.1 ಮತ್ತು 0.2 ಕೂಡಿಸಿದರೆ ಪರದೆಯ ಮೇಲೆ 0.30000000000000004 ಎಂದು ಬರುತ್ತದೆ, 2.675ನ್ನು ಎರಡು ದಶಮಾಂಶಕ್ಕೆ ತನ್ನಿರೆಂದರೆ ಪೈಥಾನ್ 2.68ರ ಬದಲು 2.67 ಕೊಡುತ್ತದೆ, ಏಕೆಂದರೆ ಒಳಗೆ ಇರುವ ಸಂಖ್ಯೆ 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಇದು ದೋಷವಲ್ಲ, ಲಿಖಿತ ನಿಯಮದಂತೆ ನಡೆಯುವ ನಡವಳಿಕೆ. 1985ರವರೆಗೆ ಅಂಥ ನಿಯಮವೂ ಇರಲಿಲ್ಲ. ಐಬಿಎಂ ಯಂತ್ರಗಳು 16ರ ಆಧಾರದಲ್ಲಿ, ಡೆಕ್ ಕಂಪನಿಯ ಯಂತ್ರಗಳು 2ರ ಆಧಾರದಲ್ಲಿ, ಕ್ರೇ ಯಂತ್ರಗಳು ತಮ್ಮದೇ ರೀತಿಯಲ್ಲಿ ಲೆಕ್ಕ ಮಾಡುತ್ತಿದ್ದವು. ಒಂದರಲ್ಲಿ ಸರಿಬಂದ ಪ್ರೋಗ್ರಾಮು ಇನ್ನೊಂದರಲ್ಲಿ ಕೈಕೊಡುತ್ತಿತ್ತು. ವಿಲಿಯಂ ಕಹಾನ್ ಎಂಬ ಗಣಿತಜ್ಞರ ಮುಂದಾಳತ್ವದಲ್ಲಿ, ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ ಐಇಇಇ 754 ಎಂಬ ಮಾನಕ ರೂಪುಗೊಂಡು, ಪೈಪೋಟಿಯಲ್ಲಿದ್ದ ಕಂಪನಿಗಳೆಲ್ಲ ಕ್ರಮೇಣ ಅದಕ್ಕೆ ತಲೆಬಾಗಿದವು. ಕಹಾನ್ ಅವರಿಗೆ 1989ರಲ್ಲಿ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಇಂದು ನಿಮ್ಮ ಕೈಯಲ್ಲಿರುವ ಮೊಬೈಲಿಗೂ ನಮ್ಮ ಪ್ರಯೋಗಾಲಯದ ಹಳೆಯ ಯಂತ್ರಕ್ಕೂ 64 ಬಿಟ್‌ಗಳ (ಬಿಟ್ ಎಂದರೆ ದ್ವಿಮಾನದ ಒಂದು ಅಂಕಿ) ದಶಮಾಂಶ ಸಂಖ್ಯೆಯ ಕೂಡು, ಕಳೆ, ಗುಣಿಸು, ಭಾಗಿಸು ಮತ್ತು ವರ್ಗಮೂಲದ ಉತ್ತರ ಕೊನೆಯ ಬಿಟ್‌ವರೆಗೂ ಒಂದೇ ಆಗಿರುವಂತೆ ಆ ಮಾನಕ ಕಟ್ಟುಪಾಡು ಹಾಕಿದೆ.

ಆದರೆ ಕಟ್ಟುಪಾಡು ಅಲ್ಲಿಗೆ ನಿಂತಿತು. ಸೈನ್, ಲಾಗರಿದಮ್, ಘಾತ ಮೊದಲಾದವು ಕೊನೆಯ ಬಿಟ್‌ವರೆಗೆ ಸರಿಯಾಗಿರಬೇಕೆಂದು ಮಾನಕ ಶಿಫಾರಸು ಮಾಡಿತೇ ಹೊರತು ಕಡ್ಡಾಯ ಮಾಡಲಿಲ್ಲ. ಅದಕ್ಕೆ ನ್ಯಾಯವಾದ ಕಾರಣವಿತ್ತು. ಇಂಥ ಫಂಕ್ಷನ್ನಿನ ನಿಜವಾದ ಬೆಲೆ ಕೆಲವೊಮ್ಮೆ ಎರಡು ಸಂಖ್ಯೆಗಳ ಸರಿ ನಡುವಿಗೆ ಎಷ್ಟು ಹತ್ತಿರ ಬಂದು ನಿಲ್ಲುತ್ತದೆಂದರೆ, ಯಾವ ಕಡೆ ರೌಂಡ್ ಮಾಡಬೇಕೆಂದು ತೀರ್ಮಾನಿಸಲು ಇನ್ನೂ ಎಷ್ಟು ಅಂಕಿಗಳವರೆಗೆ ಲೆಕ್ಕ ಹಾಕಬೇಕೆಂಬುದು ಮೊದಲೇ ತಿಳಿಯುವುದಿಲ್ಲ. ಹಿಂದೆ ಲಾಗರಿದಮ್ ಕೋಷ್ಟಕ ಮುದ್ರಿಸುತ್ತಿದ್ದವರಿಗೂ ಇದೇ ಪೇಚು ಇದ್ದುದರಿಂದ ಇದಕ್ಕೆ ಕೋಷ್ಟಕಕಾರನ ಸಂದಿಗ್ಧ ಎಂದೇ ಹೆಸರಾಗಿದೆ. ಇಂದು ಆ ಕಾರಣದ ಬಲ ಬಹಳ ಕುಗ್ಗಿದೆ. ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಕೋರ್-ಮ್ಯಾತ್ ಯೋಜನೆಯವರು ಕೊನೆಯ ಬಿಟ್‌ವರೆಗೂ ಸರಿಯಾದ ಫಂಕ್ಷನ್‌ಗಳನ್ನು ವೇಗ ಬಿಟ್ಟುಕೊಡದೆ ಬರೆಯಬಹುದೆಂದು ಮಾಡಿ ತೋರಿಸುತ್ತಿದ್ದಾರೆ. ಆದರೂ ಜಾವಾಸ್ಕ್ರಿಪ್ಟಿನ ಮಾನಕ ಇವತ್ತಿಗೂ ಸೈನ್, ಕೊಸೈನ್‌ಗಳ ನಿಖರತೆಯನ್ನು ಅದನ್ನು ಅಳವಡಿಸುವವರ ವಿವೇಚನೆಗೇ ಬಿಟ್ಟಿದೆ.

ನಿಖರತೆಯ ಮಾತು ತಜ್ಞರದೆಂದು ಬಿಟ್ಟರೂ, ಹೆಸರು ಮತ್ತು ಕ್ರಮದ ಗೊಂದಲ ನಮ್ಮ ತರಗತಿಗಳನ್ನೇ ಕಾಡುತ್ತದೆ. ಪಿಯುಸಿ ರಸಾಯನಶಾಸ್ತ್ರದಲ್ಲಿ ಲಾಗ್ ಎಂದರೆ 10ರ ಆಧಾರದ್ದು, ಎಕ್ಸೆಲ್‌ನಲ್ಲೂ ಹಾಗೆಯೇ. ಸಿ, ಪೈಥಾನ್, ಜಾವಾಗಳಲ್ಲಿ ಅದೇ ಹೆಸರು ಸ್ವಾಭಾವಿಕ ಲಾಗರಿದಮ್ಮಿಗೆ ಸೇರಿದೆ. ನಮ್ಮ ನೀರಾವರಿ ಪ್ರದೇಶದ ಸವಳು ಮಣ್ಣಿನ ಪಿಎಚ್ ಲೆಕ್ಕ ಹಾಕಿದ ಹುಡುಗನೊಬ್ಬನಿಗೆ 8 ಬರಬೇಕಾದಲ್ಲಿ 18.42 ಬಂದಿತ್ತು. ಪಿಎಚ್ 14ನ್ನು ಮೀರಿದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ಮೀರದಿದ್ದರೆ ಹಾಗೆಯೇ ರೆಕಾರ್ಡ್ ಪುಸ್ತಕ ಸೇರುತ್ತಿತ್ತು. ಮೋಜಣಿಯ ಲೆಕ್ಕ ನೋಡಿ: ಒಂದು ಕಲ್ಲಿನಿಂದ ಪೂರ್ವಕ್ಕೆ 3, ಉತ್ತರಕ್ಕೆ 4 ಸರಪಳಿ ದೂರದಲ್ಲಿ ಇನ್ನೊಂದು ಕಲ್ಲಿದೆ, ಪೂರ್ವದಿಂದ ಅದರ ಕೋನ 53.13 ಡಿಗ್ರಿ. ಈ ಕೋನ ತೆಗೆಯುವ ಫಂಕ್ಷನ್ನಿಗೆ ಸಿ ಮತ್ತು ಪೈಥಾನಿನಲ್ಲಿ ಉತ್ತರದ ಅಳತೆಯನ್ನು ಮೊದಲು ಕೊಡಬೇಕು, ಎಕ್ಸೆಲ್‌ನಲ್ಲಿ ಪೂರ್ವದ್ದನ್ನು ಮೊದಲು ಕೊಡಬೇಕು. ಹೆಸರು ಒಂದೇ. ಅದಲುಬದಲಾದರೆ 36.87 ಡಿಗ್ರಿ ಬರುತ್ತದೆ, ನೋಡಲು ಅದೂ ಒಪ್ಪುವ ಕೋನವೇ. ಕಾಲುವೆ ನೀರಿನ ವಾರಬಂದಿಯಲ್ಲಿ ಮಂಗಳವಾರಕ್ಕಿಂತ ಐದು ದಿನ ಹಿಂದಿನ ಪಾಳಿ ಯಾವ ವಾರದ್ದೆಂದು ತಿಳಿಯಲು, ಭಾನುವಾರವನ್ನು ಸೊನ್ನೆ ಎಂದಿಟ್ಟುಕೊಂಡು, 2ರಲ್ಲಿ 5 ಕಳೆದು 7ರಿಂದ ಭಾಗಿಸಿ ಶೇಷ ನೋಡಿದರೆ, ಪೈಥಾನ್ 4 ಎಂದು ಗುರುವಾರವನ್ನು ಸರಿಯಾಗಿ ತೋರಿಸುತ್ತದೆ. ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳು ಋಣ 3 ಎನ್ನುತ್ತವೆ, ಅಂಥ ವಾರವೇ ಇಲ್ಲ. ಸಿ ಭಾಷೆಯಲ್ಲಂತೂ 1999ರ ಮಾನಕ ಬರುವವರೆಗೆ ಋಣಸಂಖ್ಯೆಯ ಭಾಗಾಕಾರ ಯಾವ ಕಡೆಗೆ ಹೋಗಬೇಕೆಂಬುದು ಆಯಾ ಕಂಪೈಲರಿನ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶದ) ಇಚ್ಛೆಗೆ ಬಿಟ್ಟದ್ದಾಗಿತ್ತು.

ಸೊನ್ನೆಯಿಂದ ಭಾಗಿಸಿದರೆ ಏನಾಗಬೇಕು ಎಂಬ ಪ್ರಶ್ನೆಗೆ ನಮ್ಮ ಭಾಗದಲ್ಲಿ ಸಾವಿರದ ಇನ್ನೂರು ವರ್ಷಗಳಷ್ಟು ಹಳೆಯ ಬೇರುಗಳಿವೆ. ಇಲ್ಲಿಂದ ಬಹು ದೂರವಲ್ಲದ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು, ಸುಮಾರು 850ರಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದರು. ಮುಂದೆ 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಅದನ್ನು ಅನಂತವೆಂದು ಭಾವಿಸಿದರು. ಗಣಿತದ ದೃಷ್ಟಿಯಿಂದ ಮಹಾವೀರಾಚಾರ್ಯರ ಮಾತು ನಿಲ್ಲಲಿಲ್ಲ. ಆದರೆ ಅವರು ತಮ್ಮ ನಿಯಮವನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟದ್ದರಿಂದಲೇ ಮುಂದಿನವರು ಅದನ್ನು ಪರೀಕ್ಷಿಸಿ ತಿದ್ದಲು ಸಾಧ್ಯವಾಯಿತು. ಇಂದು 1ನ್ನು ಸೊನ್ನೆಯಿಂದ ಭಾಗಿಸಿದರೆ ಜಾವಾಸ್ಕ್ರಿಪ್ಟ್ ಅನಂತ ಎನ್ನುತ್ತದೆ, ಪೈಥಾನ್ ತಪ್ಪೆಂದು ಹೇಳಿ ನಿಲ್ಲುತ್ತದೆ, ಅದೇ ಪೈಥಾನಿನೊಳಗಿನ ನಂಪೈ ಎಚ್ಚರಿಕೆ ಕೊಟ್ಟು ಅನಂತವನ್ನು ಹಿಡಿದು ಮುಂದೆ ಸಾಗುತ್ತದೆ.

ಇಂಥ ಸಣ್ಣ ವ್ಯತ್ಯಾಸಗಳಿಂದ ಏನಾಗುತ್ತದೆ ಎಂದು ಕೇಳುವವರಿಗೆ ಎರಡು ಘಟನೆಗಳು ಸಾಕು. ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರ 1982ರ ಜನವರಿಯಲ್ಲಿ 1000ದಿಂದ ಆರಂಭಿಸಿದ ಸೂಚ್ಯಂಕ, ಪ್ರತಿ ಲೆಕ್ಕದಲ್ಲಿ ಮೂರು ದಶಮಾಂಶಗಳ ಆಚೆಯದನ್ನು ರೌಂಡ್ ಮಾಡದೆ ಕತ್ತರಿಸಿ ಹಾಕುತ್ತಿದ್ದುದರಿಂದ, 1983ರ ನವೆಂಬರ್ ಹೊತ್ತಿಗೆ 524.811ಕ್ಕೆ ಇಳಿದಿತ್ತು, ಸರಿಯಾಗಿ ಲೆಕ್ಕ ಹಾಕಿದಾಗ ಅದು 1098.892 ಆಗಿತ್ತು. ಎರಡನೆಯದು ಜೀವಹಾನಿಯದು. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನಿನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿನ ಕ್ಷಿಪಣಿಯನ್ನು ತಡೆಯಲಾರದೆ 28 ಸೈನಿಕರು ಸತ್ತರು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಇಟ್ಟಿದ್ದರಿಂದ ನೂರು ಗಂಟೆ ಓಡಿದ ಯಂತ್ರದ ಗಡಿಯಾರದಲ್ಲಿ 0.34 ಸೆಕೆಂಡ್ ವ್ಯತ್ಯಾಸ ಬಂದಿತ್ತು. ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಅಂಶ. ಸಮಯವನ್ನು ಹೆಚ್ಚು ನಿಖರವಾಗಿ ಪರಿವರ್ತಿಸುವ ತುಣುಕನ್ನು ಆ ಪ್ರೋಗ್ರಾಮಿನಲ್ಲಿ ಮೊದಲೇ ಸೇರಿಸಿದ್ದರು, ಆದರೆ ಬೇಕಾದ ಎಲ್ಲ ಕಡೆ ಸೇರಿಸಿರಲಿಲ್ಲ. ಒಂದೇ ಪ್ರೋಗ್ರಾಮಿನ ಎರಡು ಭಾಗಗಳು ಎರಡು ರೀತಿಯಲ್ಲಿ ಲೆಕ್ಕ ಮಾಡಿದ್ದರಿಂದ ಒಂದರ ತಪ್ಪು ಇನ್ನೊಂದರಿಂದ ವಜಾ ಆಗದೆ ಉಳಿಯಿತು.

ಮಾನಕ ಬಂದರೆ ವೇಗ ಕುಗ್ಗುತ್ತದೆ, ಹೊಸತನಕ್ಕೆ ಬೇಲಿ ಬೀಳುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಎಲ್ಲ ಯಂತ್ರಗಳಲ್ಲೂ ಒಂದೇ ಉತ್ತರ ಬರಬೇಕೆಂದು ಹಟ ಹಿಡಿದಿದ್ದ ಜಾವಾ ಭಾಷೆ, ಅಂದಿನ ಇಂಟೆಲ್ ಚಿಪ್ಪುಗಳಲ್ಲಿ ಅದು ನಿಧಾನವಾಗುತ್ತಿದ್ದುದರಿಂದ, 1998ರಲ್ಲಿ ಕಟ್ಟುನಿಟ್ಟನ್ನು ಸಡಿಲಿಸಿ ಬೇಕಾದವರು ಮಾತ್ರ ಕೇಳಿ ಪಡೆಯಲಿ ಎಂದಿತು. ಆದರೆ ಚಿಪ್ಪುಗಳು ಸುಧಾರಿಸಿದ ಮೇಲೆ, 2021ರ 17ನೇ ಆವೃತ್ತಿಯಲ್ಲಿ, ಅದೇ ಭಾಷೆ ಕಟ್ಟುನಿಟ್ಟನ್ನು ಮತ್ತೆ ಎಲ್ಲರಿಗೂ ಅನ್ವಯಿಸಿತು. ಮಾನಕದಿಂದಲೇ ವೇಗ ಬಂದ ಉದಾಹರಣೆ ಇನ್ನೂ ದೊಡ್ಡದು. ಸದಿಶಗಳ (ವೆಕ್ಟರ್), ಮುಂದೆ ಮಾತೃಕೆಗಳ (ಮ್ಯಾಟ್ರಿಕ್ಸ್) ಮೂಲ ಲೆಕ್ಕಗಳಿಗೆ 1979ರಿಂದ ಬ್ಲಾಸ್ ಎಂಬ ಹೆಸರಿನಲ್ಲಿ ಫಂಕ್ಷನ್‌ಗಳ ಹೆಸರು, ಅವುಗಳಿಗೆ ಕೊಡಬೇಕಾದ ಅಂಶಗಳು, ಅವುಗಳ ಕ್ರಮ ಎಲ್ಲವನ್ನೂ ನಿಗದಿ ಮಾಡಿದರು. ಹೊರಗಿನ ರೂಪ ಗಟ್ಟಿಯಾದದ್ದೇ ತಡ, ಚಿಪ್ಪು ತಯಾರಿಸುವ ಪ್ರತಿಯೊಂದು ಕಂಪನಿಯೂ ಒಳಗಿನದನ್ನು ತನ್ನ ಯಂತ್ರಕ್ಕೆ ತಕ್ಕಂತೆ ತಿದ್ದಿ ವೇಗಗೊಳಿಸಲು ಹೊರಟಿತು. ಪ್ರೋಗ್ರಾಮ್ ಬರೆದವರು ಒಂದು ಅಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಈ ಕ್ಷೇತ್ರಕ್ಕೆ ಬದುಕು ಸವೆಸಿದ ಜಾಕ್ ಡೊಂಗಾರಾ ಅವರಿಗೆ 2021ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಪೈಥಾನಿನಲ್ಲೂ ಒಂದು ಕಾಲಕ್ಕೆ ನ್ಯೂಮೆರಿಕ್, ನಮ್‌ಅರೇ ಎಂಬ ಎರಡು ಲೈಬ್ರರಿಗಳು ಬಳಕೆದಾರರನ್ನು ಇಬ್ಭಾಗ ಮಾಡಿದ್ದವು. ಟ್ರಾವಿಸ್ ಒಲಿಫ್ಯಾಂಟ್ ಎರಡನ್ನೂ ಕೂಡಿಸಿ 2006ರಲ್ಲಿ ನಂಪೈನ ಮೊದಲ ಆವೃತ್ತಿಯನ್ನು ಹೊರತಂದ ಮೇಲೆಯೇ ವಿಜ್ಞಾನಿಗಳು ಆ ಭಾಷೆಯನ್ನು ಈ ಮಟ್ಟಿಗೆ ಅಪ್ಪಿಕೊಂಡರು. ಈಗ ನಂಪೈ, ಪೈಟಾರ್ಚ್ ಮೊದಲಾದವುಗಳ ನಡುವೆ ಒಂದೇ ರೂಪ ತರಲು 2020ರಿಂದ ಒಕ್ಕೂಟವೊಂದು ಮಾನಕ ಬರೆಯುತ್ತಿದೆ. ನಮ್ಮ ವಿದ್ಯಾರ್ಥಿನಿಯ ಐದು ಅಂಕ ನುಂಗಿದ ಆ ವಿಚಲನೆಯ ವ್ಯತ್ಯಾಸಕ್ಕೂ ಅದರಲ್ಲಿ ‘ಕರೆಕ್ಷನ್’ ಎಂಬ ಸ್ಪಷ್ಟ ಹೆಸರಿಟ್ಟಿದ್ದಾರೆ. ಹೇಳದೆ ಬಿಟ್ಟರೆ ಅದು ಸೊನ್ನೆ, ಅಂದರೆ ಐದು ಅಂಕಿಗಳಿದ್ದರೆ 5ರಿಂದಲೇ ಭಾಗಿಸುವುದು, ಎಂದು ಬರೆದೇ ಇಟ್ಟಿದ್ದಾರೆ.

ಸಂಪಾದಕರೇ, ಮಾನಕದ ಬೆಲೆ ನಿಮ್ಮ ಕಚೇರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದು ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಇನ್ನೊಂದರಲ್ಲಿ ತೆರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಓದಲಾರದ ಗುರುತುಗಳ ಸಾಲು ಕಾಣುತ್ತಿತ್ತು. ಕಳಿಸಿದವನು ಫಾಂಟನ್ನೂ ಜೊತೆಗೆ ಕಳಿಸಬೇಕಾಗಿತ್ತು. ಅಲ್ಲಿ ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಎಲ್ಲರೂ ಸೇರಿ ಸರಿಮಾಡಿದೆವು. ಸಂಖ್ಯೆ ಕೆಟ್ಟರೆ ಹಾಗೆ ಕಾಣುವುದಿಲ್ಲ, 36.87 ಎಂಬುದು 53.13ರಷ್ಟೇ ಚೊಕ್ಕವಾಗಿ ಅಚ್ಚಾಗುತ್ತದೆ.

ಪ್ರಪಂಚದ ಭಾಷೆಗಳ ಮಾನಕವನ್ನು ರಾಯಚೂರಿನಿಂದ ಬದಲಿಸಲಾಗದು ಎಂಬುದು ನನಗೂ ಗೊತ್ತು. ಆದರೆ ನಮ್ಮ ಕೈಯಲ್ಲಿರುವುದು ಕಡಿಮೆಯೇನಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ವಿಶ್ವವಿದ್ಯಾಲಯಗಳ ಗಣಿತ ಮತ್ತು ಗಣಕ ವಿಜ್ಞಾನದ ಅಧ್ಯಯನ ಮಂಡಳಿಗಳು ಒಟ್ಟಿಗೆ ಕುಳಿತು, ಪ್ರಾಯೋಗಿಕ ಪರೀಕ್ಷೆಯ ಪ್ರತಿ ಪ್ರಶ್ನೆಯಲ್ಲಿ ಯಾವ ಲೈಬ್ರರಿ, ಯಾವ ಆವೃತ್ತಿ, ಯಾವ ರೌಂಡ್ ನಿಯಮ, ಭಾಜಕ ಎಷ್ಟು ಎಂಬುದನ್ನು ಮುದ್ರಿಸುವಂತೆ ನಿರ್ಧರಿಸಬೇಕು. ಉತ್ತರ ಅದಕ್ಕೆ ಹೊಂದಿದರೆ ಅಂಕ ಕೊಡಲೇಬೇಕು. ಸರ್ಕಾರದ ಇಲಾಖೆಗಳು ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗ ಹಣದ ಲೆಕ್ಕವನ್ನು ದ್ವಿಮಾನದ ದಶಮಾಂಶದಲ್ಲಿ ಮಾಡದೆ ಪೈಸೆಯ ಪೂರ್ಣಾಂಕದಲ್ಲಿ ಅಥವಾ ದಶಮಾನದ ಸಂಖ್ಯಾರೂಪದಲ್ಲಿ ಮಾಡಬೇಕೆಂದೂ, ರೌಂಡ್ ಮಾಡುವ ನಿಯಮ ಇಂಥದ್ದೆಂದೂ ಷರತ್ತಿನಲ್ಲಿ ಬರೆಯಬೇಕು. ದಶಮಾನದ ರೂಪ ಐಇಇಇ 754ರಲ್ಲಿ 2008ರಿಂದಲೇ ಇದೆ, ಜಾವಾ ಮತ್ತು ಪೈಥಾನ್‌ಗಳಲ್ಲಿ ಸಿದ್ಧ ಲೈಬ್ರರಿಗಳೂ ಇವೆ. ಭಾರತೀಯ ಮಾನಕ ಬ್ಯೂರೊ ತನ್ನ ಕರಡುಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಡುತ್ತದೆ; ಈ ಭಾಗದಿಂದ ಹೋಗಿ ಹೈದರಾಬಾದ್, ಬೆಂಗಳೂರುಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅವನ್ನು ಓದಿ ಅಭಿಪ್ರಾಯ ಬರೆಯಬೇಕು.

ನಮ್ಮದೇ ಅಳತೆಗಳಿಗೂ ಒಂದು ಲೈಬ್ರರಿ ಬೇಕು. ಪಹಣಿಯಲ್ಲಿ 1 ಎಕರೆ 20 ಗುಂಟೆ ಇರುವುದನ್ನು ಹಾಳೆಯಲ್ಲಿ 1.20 ಎಂದು ತುಂಬಿ, ಅಂಥ ಎರಡನ್ನು ಕೂಡಿಸಿ 2.40 ಎಂದು ಓದಿದವರನ್ನು ಕಂಡಿದ್ದೇನೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಪೂರ್ತಿ 3 ಎಕರೆ. ತುಂಗಭದ್ರಾ ಅಣೆಕಟ್ಟೆಯ ನೀರಿನ ಅಂಕಿಗಳನ್ನು ನಿಮ್ಮ ಪತ್ರಿಕೆಯಲ್ಲಿ ಓದಿಯೇ ನಮ್ಮ ರೈತರು ಸಸಿ ಮಡಿಗೆ ಇಳಿಯುತ್ತಾರೆ. ಒಂದು ದಿನಕ್ಕೆ 86,400 ಸೆಕೆಂಡುಗಳಾದ್ದರಿಂದ 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಒಂದು ದಿನ ಹರಿದರೆ ಒಂದು ಟಿಎಂಸಿ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಇದನ್ನೇ ಸುಲಭಕ್ಕೆಂದು 11,500 ಎಂದು ಹಿಡಿದರೆ, 4,000 ಕ್ಯೂಸೆಕ್‌ನಂತೆ 120 ದಿನ ಹರಿದ ಕಾಲುವೆಯ ಲೆಕ್ಕ 41.47ರ ಬದಲು 41.74 ಟಿಎಂಸಿ ಆಗುತ್ತದೆ. ಕಾಗದದ ಮೇಲೆ ಮಾತ್ರ ಹರಿದ ಆ 0.27 ಟಿಎಂಸಿಯ ಲೆಕ್ಕವನ್ನು ಕೊನೆಯ ಭಾಗದ ರೈತ ಯಾರನ್ನು ಕೇಳಬೇಕು? ಕ್ಯೂಸೆಕ್, ಟಿಎಂಸಿ, ಎಕರೆ, ಗುಂಟೆ, 75 ಕೆಜಿಯ ಭತ್ತದ ಚೀಲ, ಕ್ವಿಂಟಲ್, ಇವುಗಳ ಪರಿವರ್ತನೆಯನ್ನು ಒಮ್ಮೆ ಸರಿಯಾಗಿ ಬರೆದು, ಪರೀಕ್ಷಿಸಿ, ಎಲ್ಲರಿಗೂ ಮುಕ್ತವಾಗಿ ಕೊಡುವ ಕೆಲಸವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ಮಾಡಬಲ್ಲರು.

ನಮ್ಮ ಪ್ರಯೋಗಾಲಯದಲ್ಲಿ ಈ ಸೆಮಿಸ್ಟರಿನಿಂದ ಪ್ರತಿ ಮುದ್ರಿತ ಉತ್ತರದ ಮೊದಲ ಸಾಲಿನಲ್ಲಿ ಭಾಷೆ, ಲೈಬ್ರರಿ, ಆವೃತ್ತಿ ಮತ್ತು ರೌಂಡ್ ನಿಯಮವನ್ನು ಬರೆಯಿಸುತ್ತಿದ್ದೇನೆ. ಮೇಲೆ ಹೇಳಿದ ವ್ಯತ್ಯಾಸಗಳನ್ನೆಲ್ಲ ಒಂದೊಂದಾಗಿ ಓಡಿಸಿ ನೋಡುವ ಒಂದು ಪುಟದ ಪ್ರೋಗ್ರಾಮನ್ನು ಆ ವಿದ್ಯಾರ್ಥಿನಿಯೇ ಕನ್ನಡದ ವಿವರಣೆಯೊಂದಿಗೆ ಬರೆದಿದ್ದಾಳೆ. ಅಧ್ಯಯನ ಮಂಡಳಿಯ ಮುಂದಿನ ಸಭೆಗೆ ಅದರ ಪ್ರತಿಯನ್ನು ಈ ಪತ್ರದ ಪ್ರತಿಯೊಂದಿಗೆ ಕಳಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗಣಿತ ಉಪನ್ಯಾಸಕ, ರಾಯಚೂರು